ಕಪಿಲಾಕ್ಷಿ ಜಗಳೂರಿಗೆ ಬಂದದ್ದು

ಜಗಳೂರು
೨೦-೫-೧೯೮೨

ಪ್ರೀತಿಯ ನಿಮ್ಮಿಗೆ, ನಿನ್ನ ಪ್ರೇಮ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ನನಗೂ ರೂಢಿ. ಈ ಸಲ ಆ ಸಾಲು ಬಿಟ್ಟಿದ್ದೇನೆ, ಯಾಕೆಂದು ಮುಂದೆ ನಿನಗೇ ತಿಳಿಯುತ್ತದೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ, ಪೆನ್ನು ಸರಿಯಿಲ್ಲ. ನ್ಯಾಮತಿ ಶಾಲೆಯಲ್ಲಿ ದುಂಡಗೆ ಬರೆದು, ಮೇಷ್ಟ್ರ ಕೈಲಿ ಹೊಗಳಿಸಿಕೊಂಡು ನಿನ್ನ ಹೊಟ್ಟೆ ಉರಿಸಿದವಳು ನಾನೇ ಅಂತ ಗೊತ್ತು ಕಣೆ.

ಮೊದಲು ಕೆಲಸದ ಮಾತು. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ನಮ್ಮನೆಯವರು ಮಗಳು ಗಂಗಿಯನ್ನು ಕರೆದುಕೊಂಡು ಚನ್ನಗಿರಿಗೆ ಬರುತ್ತಾರೆ. ಅವಳು ನಿನ್ನ ಮನೆಯಲ್ಲಿದ್ದು ಹೈಸ್ಕೂಲು ಓದಬೇಕು. ನಿನ್ನನ್ನು ಒಂದು ಮಾತು ಕೇಳದೆ ಇದು ನಿಶ್ಚಯವಾಗಿ ಹೋಯಿತು. ನಿಶ್ಚಯ ಮಾಡಿದವಳು ನಾನಲ್ಲ, ಕಪಿಲಾಕ್ಷಿ. ನೀನು ವಾರಪತ್ರಿಕೆಯಿಂದ ಹರಿದು ಕೂಡಿಟ್ಟು, ತಿಂಗಳಿಗೊಮ್ಮೆ ರವಿಕೆ ಕಣದ ಮಡಿಕೆಯೊಳಗೆ ಅಡಗಿಸಿ ಅಂಚೆಗೆ ಹಾಕುತ್ತೀಯಲ್ಲ, ಆ ಧಾರಾವಾಹಿಯ ಕಪಿಲಾಕ್ಷಿಯೇ. ಹುಚ್ಚು ಹಿಡಿದಿದೆ ಅಂದುಕೊಳ್ಳಬೇಡ. ಇಲ್ಲಿಯವರು ಅಂದುಕೊಂಡಿರುವುದೇ ಸಾಕು.

ಮೊದಲನೆಯ ಭಾಗದಲ್ಲಿ ಮಂತ್ರವಾದಿ ಕಟ್ಟಿದ ತಾಯಿತ ಕಿತ್ತು ಕೆರೆಗೆ ಎಸೆದಳಲ್ಲ, ಆವತ್ತಿನಿಂದ ನಾನು ಅವಳ ಕಡೆಯವಳು. ಎರಡನೆಯ ಭಾಗದಲ್ಲಿ ಹಾಳುಬಾವಿಗೆ ಬಗ್ಗಿ, ಅದರಲ್ಲಿ ಸತ್ತ ಹೆಂಗಸರ ಮಾತು ಕೇಳಿಸಿಕೊಂಡು, ಊರವರ ಮುಂದೆ ಅವರ ಪರವಾಗಿ ಬಾಯಿ ತೆರೆದಳಲ್ಲ, ಆ ಪುಟಗಳು ಓದಿ ಓದಿ ಮಡಿಕೆಯಲ್ಲಿ ಹರಿದುಹೋಗಿವೆ. ಒಂದು ಮಾತು ಮಾತ್ರ ಹೇಳಬೇಕು. ಈಗ ಮೂರನೆಯ ಭಾಗ ನಡೆಯುತ್ತಿದೆ, ಇಲ್ಲಿಯವರೆಗೆ ಆ ಮಹಾತಾಯಿ ಒಂದು ದಿನವಾದರೂ ರೊಟ್ಟಿ ಬಡಿದದ್ದಿಲ್ಲ. ಅಷ್ಟು ಧೈರ್ಯ ಅದಕ್ಕೇ ಬಂದಿರಬೇಕು ಅಂತ ಗಾದ್ರಮ್ಮ ಅನ್ನುತ್ತಾಳೆ. ಗಾದ್ರಮ್ಮ ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರುವವಳು. ಅವಳಿಗೆ ಓದು ಬರುವುದಿಲ್ಲ. ಮಧ್ಯಾಹ್ನ ಮನೆಯವರೆಲ್ಲ ಮಲಗಿದಾಗ ಕೊಟ್ಟಿಗೆಯಲ್ಲಿ ಅವಳಿಗೆ ನಾನು ಓದಿ ಹೇಳುತ್ತಿದ್ದೆ. ಮಂತ್ರವಾದಿಗೊಂದು ದನಿ, ಕಪಿಲಾಕ್ಷಿಗೊಂದು ದನಿ. ಚಿಕ್ಕಂದಿನಲ್ಲಿ ನಾವಿಬ್ಬರೂ ಆಡುತ್ತಿದ್ದೆವಲ್ಲ, ಹಾಗೆಯೇ.

ಅನಾಹುತ ಆದದ್ದು ಅಲ್ಲಿಂದಲೇ. ಆದರೆ ಅದಕ್ಕೆ ಮುಂಚೆ ಹೊನ್ನಾಳಿಯ ಸಂಗತಿ ಹೇಳಬೇಕು.

ನಮ್ಮನೆಯವರ ಅಕ್ಕ ಸರ್ವಮಂಗಳಮ್ಮ ಹೊನ್ನಾಳಿಯಲ್ಲಿರುವುದು ನಿನಗೆ ಗೊತ್ತು. ಅವಳ ಮಗ ಮುರುಗೇಶಪ್ಪನಿಗೆ ಮೂವತ್ತು ದಾಟಿದೆ. ಅವನ ಹೆಂಡತಿ ಸುಮಿತ್ರ ಎರಡು ವರ್ಷದ ಹಿಂದೆ ಬಾವಿಯಲ್ಲಿ ಸತ್ತಳು. ಕಾಲು ಜಾರಿ ಬಿದ್ದಳು ಎಂದರು. ನಾನು ಮಣ್ಣಿಗೆ ಹೋಗಿದ್ದೆ ನಿಮ್ಮಿ. ಮೀಯಿಸುವಾಗ ಅವಳ ಬೆನ್ನು ನೋಡಿದೆ. ಬಾಸುಂಡೆ ಬಾವಿಯ ಕಲ್ಲಿನಿಂದ ಆಗುವುದಿಲ್ಲ. ಅಲ್ಲಿದ್ದ ಹೆಂಗಸರೆಲ್ಲರೂ ನೋಡಿದರು, ಎಲ್ಲರೂ ಸೆರಗು ಬಾಯಿಗೆ ಹಿಡಿದು ಸುಮ್ಮನಾದರು, ನಾನೂ ಅವರಲ್ಲಿ ಒಬ್ಬಳಾಗಿ ಸುಮ್ಮನಿದ್ದೆ. ಆಮೇಲೆ ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಲಿಲ್ಲ.

ಈ ಹೋಳಿ ಹುಣ್ಣಿಮೆಗೆ ಸರ್ವಮಂಗಳಮ್ಮ ತಾಯಿಮನೆಗೆ ಬಂದು, ನಮ್ಮ ಗಂಗಿಯನ್ನು ಮುರುಗೇಶಪ್ಪನಿಗೆ ಕೇಳಿದಳು. ಗಂಗಿಗೆ ಇನ್ನೂ ಹದಿಮೂರು. ಏಳನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದಳು. ನಮ್ಮತ್ತೆ ಅಜ್ಜಮ್ಮನವರಿಗೆ ಮಗಳು ಕೇಳಿದ್ದೇ ಸಾಕಾಯಿತು. “ಮನೆ ಹುಡುಗಿ ಮನೆಯಾಗೇ ಉಳೀತಾಳೆ, ಇನ್ನೇನು ನೋಡಾಕೆ ಐತೆ” ಅಂದರು. ನಮ್ಮನೆಯವರು ಅಕ್ಕನ ಮಾತಿಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಅವರ ಕಾಲು ಹಿಡಿದು ಬೇಡ ಎಂದೆ. ಸುಮಿತ್ರಳ ಬೆನ್ನಿನ ವಿಷಯ ಹೇಳಿದೆ. “ಸತ್ತೋರ ಮಾತು ಎತ್ತಬ್ಯಾಡ” ಎಂದು ಮಗ್ಗುಲಾದರು. ಬಸವ ಜಯಂತಿ ಕಳೆದ ಮೇಲೆ ಲಗ್ನ ಎಂದಾಯಿತು.

ಆ ದಿನಗಳಲ್ಲಿ ನಾನು ಕೊಟ್ಟಿಗೆಯಲ್ಲಿ ಓದುವುದು ಹೆಚ್ಚಾಯಿತು. ಓದುತ್ತ ಓದುತ್ತ ದನಿಯೂ ಏರಿರಬೇಕು. ಒಂದು ಮಧ್ಯಾಹ್ನ ಅಜ್ಜಮ್ಮನವರು ನೀರಿಗೆಂದು ಎದ್ದವರು ಗೋಡೆಯಾಚೆ ನಿಂತು ಕೇಳಿದ್ದಾರೆ. ಆಗ ನಾನು ಕಪಿಲಾಕ್ಷಿಯ ಆ ಮಾತು ಓದುತ್ತಿದ್ದೆ: “ನನ್ನನ್ನು ಬಂಧಿಸುವ ಹಗ್ಗವನ್ನು ಇನ್ನೂ ಯಾರೂ ಹೊಸೆದಿಲ್ಲ. ನಾನು ಈ ಮನೆಯನ್ನು ಬೂದಿ ಮಾಡಿಯೇ ಹೋಗುವೆನು.” ಹಗ್ಗ ಬೂದಿ ಎಲ್ಲ ಸರಿಯೇ, ಅವರನ್ನು ನಡುಗಿಸಿದ್ದು ಆ ‘ಹೋಗುವೆನು’. ನಮ್ಮ ಕಡೆ ಬದುಕಿದವರು ಯಾರೂ ಹಾಗೆ ಮಾತಾಡುವುದಿಲ್ಲ. ಸಂಜೆಗೆ ಗಾದ್ರಮ್ಮನನ್ನು ನಿಲ್ಲಿಸಿ ಕೇಳಿದರಂತೆ. ಕೆಲಸ ಬಿಟ್ಟು ಕೂತು ಕಥೆ ಕೇಳುತ್ತಿದ್ದೆ ಅಂದರೆ ಮನೆಗೆ ಅಟ್ಟುತ್ತಾರೆ ಅಂತ ಹೆದರಿ, “ಹೌದ್ರವ್ವ, ಮಧ್ಯಾಹ್ನ ಆದ್ರೆ ಅಮ್ಮಾರ ದನಿ ಬ್ಯಾರೆ ಆಗ್ತೈತೆ, ಹೆಂಗೆಂಗೋ ಆಡ್ತಾರೆ” ಅಂದುಬಿಟ್ಟಳು. ಆಮೇಲೆ ನನ್ನ ಮುಂದೆ ಕೂತು ಅತ್ತಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವಳ ಹೊಟ್ಟೆಪಾಡು ಅವಳಿಗೆ.

ಊರಾಚೆ ಬೇವಿನ ಮರದ ಕೆಳಗೆ ಹನುಮಣ್ಣ ಎಂಬ ಪೂಜಾರಿ ಗಾಳಿ ಬಿಡಿಸುತ್ತಾನೆ. ಅಮಾವಾಸ್ಯೆಯ ದಿನ ಅಲ್ಲಿಗೆ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಬೀಗತಿಯ ಮೈಮೇಲೆ ಇರುವುದು ಏನೆಂದು ನೋಡಲು ಸರ್ವಮಂಗಳಮ್ಮನೂ ಹೊನ್ನಾಳಿಯಿಂದ ಬಂದಿದ್ದಳು. ತಾಯಿಯ ಗಾಳಿ ಮಗಳಿಗೆ ಸೋಕದಿರಲಿ ಎಂದು ತಾಯಿತ ಕಟ್ಟಿಸಲು ಗಂಗಿಯನ್ನೂ ಕರೆತಂದಿದ್ದರು. ಎಲ್ಲವನ್ನೂ ಹೇಳಿಬಿಡುವುದೆಂದೇ ನಾನು ಹೋದೆ. ದೆವ್ವವೂ ಇಲ್ಲ ಗಾಳಿಯೂ ಇಲ್ಲ, ಅದು ಪತ್ರಿಕೆಯ ಕಥೆ, ಹಾಳೆಗಳು ಶೇಂಗಾ ಚೀಲದ ಹಿಂದೆ ಇವೆ, ಬೇಕಾದರೆ ನೋಡಿ ಅನ್ನುವುದು. ಕದ್ದು ಓದಿದ್ದಕ್ಕೆ ಎರಡು ಏಟು ಬೀಳುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು.

ಮೆಣಸಿನಕಾಯಿ ಹೊಗೆ ಹಾಕಿದರು, ಬೇವಿನ ಬರಲಿನಲ್ಲಿ ಹೊಡೆದರು. ಆಮೇಲೆ ಹನುಮಣ್ಣ ಎದುರಿಗೆ ಕೂತು, ಇದ್ದಕ್ಕಿದ್ದ ಹಾಗೆ ದನಿ ತಗ್ಗಿಸಿ, ಮರ್ಯಾದೆಯಿಂದ ಕೇಳಿದ: “ಯಾರವ್ವಾ ನೀವು? ಯಾಕೆ ಬಂದೀರಿ? ನಿಮಗೇನು ಬೇಕು ಕೇಳ್ರಿ, ಇವರು ಕೊಡ್ತಾರೆ.”

ನಿಮ್ಮಿ, ನಾನು ಈ ಮನೆ ಹೊಸ್ತಿಲು ತುಳಿದ ಮೇಲೆ ನಿನಗೇನು ಬೇಕು ಎಂದು ಯಾರೂ ಕೇಳಿರಲಿಲ್ಲ. ಹೆಂಗಸನ್ನು ಕೇಳದೇ ಇದ್ದ ಮಾತನ್ನು ದೆವ್ವವನ್ನು ಕೇಳುತ್ತಾರೆ, ಕೇಳಿ ಕೈಮುಗಿದು ಕಾಯುತ್ತಾರೆ. ಸುತ್ತ ನೋಡಿದೆ. ನಮ್ಮನೆಯವರು ಕೈಮುಗಿದು ನಿಂತಿದ್ದರು. ನನ್ನ ಮುಂದೆ ಅವರು ಕೈಮುಗಿದದ್ದು ಅದೇ ಮೊದಲು.

“ನಾನು ಕಪಿಲಾಕ್ಷಿ” ಅಂದೆ. “ಹೊನ್ನಾಳಿಯ ಬಾವಿಯಲ್ಲಿರುವ ಸುಮಿತ್ರ ನನ್ನನ್ನು ಕಳುಹಿಸಿರುವಳು. ಅವಳ ಬೆನ್ನಿನ ಬಾಸುಂಡೆಗಳನ್ನು ನಾನು ಬಲ್ಲೆನು. ಅವಳ ಜಾಗಕ್ಕೆ ಯಾರೇ ಬಂದರೂ ಬಂದವಳ ಜೊತೆಗೆ ಆ ಮನೆಯ ಗಂಡಸನ್ನೂ ಬಾವಿಗೆ ಎಳೆಯುವೆನು.”

ಸರ್ವಮಂಗಳಮ್ಮ ಕೂತಲ್ಲೇ ಕುಸಿದಳು. ಅವಳ ಮುಖ ನೋಡಿದ ಮೇಲೆ ಉಳಿದವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. “ಸುಮ್ಮನಿರಾಕೆ ಹೇಳ್ರೀ ಅದಕ್ಕೆ, ನನಗೆ ಹುಡುಗೀನೂ ಬ್ಯಾಡ ಏನೂ ಬ್ಯಾಡ” ಎಂದು ಅರಚಿದಳು. ಆದರೆ ಅಷ್ಟರಿಂದ ಏನಾಗುತ್ತದೆ? ಇವತ್ತು ಬೇಡ ಅಂದವಳು ನಾಳೆ ಬರುತ್ತಾಳೆ, ಅವಳಲ್ಲದಿದ್ದರೆ ಇನ್ನೊಬ್ಬಳು. ಹುಡುಗಿ ಈ ಮನೆಯಲ್ಲಿ ಇರುವವರೆಗೂ ಅವಳನ್ನು ಕೊಡುವ ಮಾತು ನಿಲ್ಲುವುದಿಲ್ಲ. ಊರು ಬಿಡಿಸಬೇಕಿತ್ತು. ತನಗೆ ಇಷ್ಟವಾದವರನ್ನು ದೆವ್ವ ದೂರ ಕಳಿಸು ಎನ್ನುವುದಿಲ್ಲವಲ್ಲ. ಆಗದವರನ್ನೇ ಅಟ್ಟು ಎನ್ನಬೇಕು.

ಅದಕ್ಕೇ ಗಂಗಿಯ ಕಡೆ ಕೈ ತೋರಿಸಿದೆ. “ಈ ಹುಡುಗಿಯ ಮುಖ ಕಂಡರೆ ನನಗೆ ಆಗದು” ಅಂದೆ. “ಇವಳು ಈ ಮನೆಯಲ್ಲಿದ್ದರೆ ರಕ್ತ ಕುಡಿಯುವೆನು. ಹೊನ್ನಾಳಿಯ ಗಾಳಿ ಸೋಕದ ಕಡೆಗೆ ಕಳುಹಿಸಿರಿ. ವಿದ್ಯೆ ಕಲಿತು ದೊಡ್ಡವಳಾಗುವವರೆಗೆ ಇವಳನ್ನು ಯಾವ ಗಂಡಿಗೂ ಕೊಡಕೂಡದು. ಕೊಟ್ಟರೆ ನಾನು ಮರಳಿ ಬರುವೆನು.” ಗಂಗಿ ನನ್ನನ್ನೇ ನೋಡುತ್ತಿದ್ದಳು. ಅವ್ವಾ ಎಂದು ಒಂದು ಹೆಜ್ಜೆ ಮುಂದೆ ಬಂದಳು. ನಾನು ಅವಳ ಮೇಲೆ ಉಗುಳಿದೆ.

ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ನನ್ನ ಮಗಳು.

ಆಮೇಲೆ, ಹೆಂಗಸೇ ನಾಟಕ ಆಡುತ್ತಿದ್ದಾಳೋ ಏನೋ ಎಂದು ಹನುಮಣ್ಣ ಕರ್ಪೂರದ ಪರೀಕ್ಷೆ ಮಾಡಿದ. ಅದೂ ಆಯಿತು. ಅದನ್ನು ಬರೆಯುವುದು ಬೇಡ. ನಮ್ಮನೆಯವರು ವಿಭೂತಿ ಮುಟ್ಟಿ ಮಾತು ಕೊಟ್ಟರು. ನನ್ನ ತವರು ನ್ಯಾಮತಿಗೆ ಕಳಿಸೋಣ ಎಂದು ಯಾರೋ ಅಂದರು. ಹೊನ್ನಾಳಿ ಅಲ್ಲಿಗೆ ಹತ್ತಿರವಾಯಿತು ಎಂದು ಅಜ್ಜಮ್ಮನವರೇ ಬೇಡವೆಂದರು. ಕೊನೆಗೆ ಚನ್ನಗಿರಿಯ ಚಿಕ್ಕಮ್ಮ ಎಂದು ನಿನ್ನ ಹೆಸರು ಬಂತು. ನಾನೇ ಹೇಳಿದ್ದರೆ ಅನುಮಾನ ಬರುತ್ತಿತ್ತು.

ಈಗ ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಚಾಪೆ. ಅಡುಗೆ ಮನೆಗೆ ಬಿಡುವುದಿಲ್ಲ, ರೊಟ್ಟಿ ಬಡಿಯುವ ಕೆಲಸ ತಪ್ಪಿತು ಎಂದು ಗಾದ್ರಮ್ಮನಿಗೆ ಹೇಳಿ ನಕ್ಕೆ. ಅವಳು ನಗಲಿಲ್ಲ. ಎಲ್ಲರೂ ನನಗೆ ಹೆದರುತ್ತಾರೆ, ಆದ್ದರಿಂದ ಯಾರೂ ಹೊಡೆಯುವುದಿಲ್ಲ. ಗಾಳಿ ಪೂರಾ ಹೋಯಿತು ಎಂದು ಇವರಿಗೆ ಅನ್ನಿಸಿದ ದಿನ ಕೊಟ್ಟ ಮಾತೂ ಹೋಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆಯಾದರೂ ಒಂದು ಮಧ್ಯಾಹ್ನ ಆ ದನಿಯಲ್ಲಿ ಕೂಗುತ್ತೇನೆ. ಗಂಗಿ ಅಜ್ಜಿಯ ಸೆರಗು ಹಿಡಿದು ಮಲಗುತ್ತಾಳೆ. ನಾನು ಹಿತ್ತಲಿಗೆ ಬಂದರೆ ಅವಳು ಒಳಗೆ ಓಡುತ್ತಾಳೆ. ಮೊನ್ನೆ ಅವಳು ನಿದ್ದೆಯಲ್ಲಿದ್ದಾಗ ಜಡೆ ಮುಟ್ಟಲು ಹೋದೆ. ಎಚ್ಚರವಾಗಿ ಎಂಥಾ ಕಿರುಚು ಕಿರುಚಿದಳು ಅಂದರೆ ಬೀದಿಯವರೆಲ್ಲ ಸೇರಿದರು.

ನಿಜ ಹೇಳಿಬಿಡೋಣ ಎಂದು ಎಷ್ಟೋ ಸಲ ನಾಲಿಗೆ ತುದಿಗೆ ಬಂದಿದೆ. ಆದರೆ ಅವಳಿನ್ನೂ ಚಿಕ್ಕವಳು. ಹಬ್ಬಕ್ಕೆ ಬಂದಾಗ ಅಜ್ಜಿ ತಲೆ ಸವರಿ ಕೇಳಿದರೆ ಹೇಳಿಬಿಡುತ್ತಾಳೆ. ಆಮೇಲೆ ನನಗೂ ಬಾವಿ, ಅವಳಿಗೂ ಬಾವಿ. ಅವಳು ನನ್ನನ್ನು ಕಂಡು ಹೆದರಿ ಬದುಕಲಿ, ಪರವಾಗಿಲ್ಲ. ನೀನೂ ಹೇಳಬೇಡ. ಅವಳು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುವಾಗ ಬಲು ಹಟ ಮಾಡುತ್ತಾಳೆ, ಬೈಯಬೇಡ. ಬದನೆಕಾಯಿ ತಿನ್ನುವುದಿಲ್ಲ. ಗುಡುಗು ಬಂದರೆ ಪಕ್ಕದಲ್ಲಿ ಯಾರಾದರೂ ಮಲಗಬೇಕು.

ನನಗೆ ಮುಂದಿನ ಕಂತುಗಳನ್ನು ಕಳಿಸುವುದು ನಿಲ್ಲಿಸು. ಸಿಕ್ಕಿಬಿದ್ದರೆ ಎಲ್ಲ ಹಾಳು. ಕೊನೆಗೆ ಕಪಿಲಾಕ್ಷಿ ಗೆಲ್ಲುತ್ತಾಳೋ ಸಾಯುತ್ತಾಳೋ ನನಗೆ ತಿಳಿಯದೇ ಹೋಗುತ್ತದೆ, ಅದೂ ಒಂದು ಸಂಕಟ. ಗಾದ್ರಮ್ಮನೇ ಈ ಕಾಗದವನ್ನು ಅಂಚೆಗೆ ಹಾಕುತ್ತಾಳೆ. ಓದಿದ ಮೇಲೆ ಒಲೆಗೆ ಹಾಕು. ಉತ್ತರ ಬರೆಯಬೇಡ.

ಇಂತು ನಿನ್ನ,
ಪ್ರೇಮ
(ಈ ಹೆಸರಿನಿಂದ ಈಗ ಇಲ್ಲಿ ಯಾರೂ ಕರೆಯುವುದಿಲ್ಲ, ನೀನಾದರೂ ಒಂದು ಸಲ ಅಂದುಕೋ.)

ಮರೆತ ಮಾತು: ಧಾರಾವಾಹಿಯ ಮೊದಲೆರಡು ಭಾಗಗಳ ಇನ್ನೊಂದು ಪ್ರತಿಯನ್ನು ನೀನು ಬೈಂಡ್ ಮಾಡಿಸಿ ಇಟ್ಟುಕೊಂಡಿದ್ದೀಯಲ್ಲ, ಅದನ್ನು ಗಂಗಿಯ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡು. ಅವಳು ಹತ್ತನೇ ಕ್ಲಾಸು ಪಾಸಾದ ದಿನ ಕೆಳಗಿಳಿಸು. ನೀನೇನೂ ಹೇಳುವುದು ಬೇಡ, ಓದಿದರೆ ಆ ಹೆಸರು ಅವಳಿಗೇ ಸಿಗುತ್ತದೆ. ಮತ್ತೆ, ಪೆನ್ನು ಸರಿಯಾಗಿಯೇ ಇದೆ ನಿಮ್ಮಿ. ಇದನ್ನು ಎಡಗೈಯಲ್ಲಿ ಬರೆದೆ. ಕರ್ಪೂರ ಆರುವವರೆಗೆ ಬಲಗೈಯಲ್ಲಿ ಹಿಡಿದಿರಬೇಕಿತ್ತು, ಕೂಗಿದರೆ ಹೆಂಗಸು, ಕೂಗದಿದ್ದರೆ ದೆವ್ವ. ನಾನು ಕೂಗಲಿಲ್ಲ. ಬೆರಳುಗಳು ಇನ್ನು ಬಿಚ್ಚುವುದಿಲ್ಲವಂತೆ. ಗಂಗಿ ಎದುರಿಗೇ ನಿಂತು ನೋಡಿದ್ದಾಳೆ. ಅವ್ವನಿಗೆ ಎಷ್ಟು ನೋವಾಯಿತೋ ಎಂದು ಅವಳು ಯಾವತ್ತಾದರೂ ಕೇಳಿದರೆ, ದೆವ್ವಕ್ಕೆ ಉರಿ ತಾಗುವುದಿಲ್ಲ ಎಂದು ಹೇಳು.