ಮಹಡಿ ಮನೆಯ ಬೊಬ್ಬೆ

ಮಣಿಪಾಲ
15-2-2025, ಶನಿವಾರ

ಪ್ರೀತಿಯ ಐರಿನ್ ಬಾಯಿಯವರಿಗೆ,

ಮಹಡಿ ಮನೆಯ ಚೈತನ್ಯಾಳ ನಮಸ್ಕಾರಗಳು. ಟೆಂಪೊ ಬಂದು ಸಾಮಾನು ಹೊತ್ತುಕೊಂಡು ಹೋದ ಮೇಲೆ ‘ಮಹಡಿ ಮನೆಯ’ ಎಂದು ಬರೆದುಕೊಳ್ಳುವ ಹಕ್ಕು ನನಗಿರುವುದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಕೀಲಿಕೈಗಳು ಈ ಪತ್ರದ ಜೊತೆಗಿವೆ. ಅಡುಗೆಮನೆಯ ಕಟ್ಟೆ ಉಜ್ಜಿದ್ದೇನೆ. ಹಾಲ್‌ನ ಗೋಡೆಯ ಮೇಲೆ ಮಗಳು ಧೃತಿ ಗೀಚಿದ ಗೆರೆಗಳು ಮಾತ್ರ ಪೂರ್ತಿ ಹೋಗಲಿಲ್ಲ, ಅವಳ ಹಟ ಗೆರೆಗಳಿಗೂ ಬಂದಿದೆ. ಗಲಾಟೆ ಮಾಡುತ್ತೇವೆಂದು ನೀವು ನಮ್ಮನ್ನು ಮನೆ ಬಿಡಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೃದಯದ ಆಪರೇಷನ್ ಆದ ಅಲೆಕ್ಸಾಂಡರ್ ಅಂಕಲ್ ಮಧ್ಯಾಹ್ನ ನಿದ್ದೆಗೆಂದು ಮಲಗಿದ ಕೂಡಲೇ ತಲೆಯ ಮೇಲೆ ಗೋಲಿ ಉರುಳಿದರೆ ಯಾರಿಗಾದರೂ ಕೋಪ ಬರುತ್ತದೆ. ಆದರೆ ಆ ದಿನ ಮೆಟ್ಟಿಲ ಬುಡದಲ್ಲಿ ನಿಂತು ನೀವು ಬೈಯುವಾಗ ನಾನು ನಕ್ಕೆ. ನೀವು ಕೇಳಿದಿರಿ, "ನಗ್ತೀಯಾ? ದೊಡ್ಡವರು ಮಾತಾಡುವಾಗ ಹಲ್ಲು ಬಿಡಲಿಕ್ಕೆ ನಿನ್ನ ಅಮ್ಮ ಕಲಿಸಿದ್ದಾ?" ಮನೆ ಬಿಡಬೇಕೆಂದು ಹೇಳಿದ್ದೂ ಅದೇ ಉಸಿರಿನಲ್ಲಿ.

ಮನೆ ಹೋದರೆ ಹೋಗಲಿ. ಕಾಪುವಿನ ಮೀನು ಮಾರ್ಕೆಟಿನಲ್ಲಿ ಬುಟ್ಟಿ ಮುಂದಿಟ್ಟು ಕೂರುವ ನನ್ನ ಅಮ್ಮ ನಳಿನಾಕ್ಷಿಗೆ ಆ ಮಾತು ಅಂಟಬಾರದು. ಅವಳು ನನಗೆ ಅಂಥದ್ದನ್ನು ಕಲಿಸಿಲ್ಲ. ನಾನು ಯಾಕೆ ನಕ್ಕೆ ಎಂದು ಎದುರು ನಿಂತು ಹೇಳಲು ಹೊರಟರೆ ಮತ್ತೆ ನಗುತ್ತೇನೆ, ಇಲ್ಲವೇ ಅಳುತ್ತೇನೆ. ಅದಕ್ಕೇ ಕಾಗದ.

ಬಾಯಿ, ನನ್ನ ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ.

ತಲೆಗೆ ಯಾವಾಗಲೂ ಟೊಪ್ಪಿ ಯಾಕೆ ಎಂದು ನೀವು ಕೇಳಿದಾಗ ಶೀತದ ಮೈ ಎಂದೆ. ಸುಳ್ಳು. ಹೋದ ವರ್ಷ ಆಪರೇಷನ್ ಮಾಡಿ ಅವಳ ಕಿವಿಯ ಒಳಗೆ ಒಂದು ಯಂತ್ರ ಕೂರಿಸಿದ್ದಾರೆ. ಅದರ ಹೊರಗಿನ ಭಾಗ ಕಿವಿಯ ಹಿಂದೆ ಅಂಟಿಕೊಂಡಿರುತ್ತದೆ. ಅದನ್ನು ಮುಚ್ಚಲಿಕ್ಕೆ ಟೊಪ್ಪಿ.

ಮುಚ್ಚುವುದು ಯಾಕೆ? ಕಾಪುವಿನಲ್ಲಿ ನಮ್ಮ ಕೇರಿಯವರು ಒಳ್ಳೆಯವರು, ತುಂಬಾ ಒಳ್ಳೆಯವರು. ಆ ಒಳ್ಳೆಯತನವೇ ನನಗೆ ಸಾಕಾಗಿಹೋಯಿತು. ಧೃತಿ ಎಂದು ಯಾರೂ ಕರೆಯುತ್ತಿರಲಿಲ್ಲ, ‘ಪಾಪ, ಧೃತಿ’ ಎನ್ನುತ್ತಿದ್ದರು. ಪಕ್ಕದ ಮನೆಯ ಮಗುವಿಗೆ ಅವಳು ಕಚ್ಚಿದರೆ ಪೆಟ್ಟು ತಿನ್ನುತ್ತಿದ್ದುದು ಕಚ್ಚಿಸಿಕೊಂಡ ಮಗು, ಇವಳಿಗೆ ಬೆಲ್ಲ. ಪಾಪ ಅನ್ನಿಸಿಕೊಂಡೇ ಬೆಳೆದರೆ ಮಗು ಮುಂದೆ ಎಂತಾಗುತ್ತದೆ ಎಂದು ನನಗೆ ಹೆದರಿಕೆಯಾಯಿತು. ದಿನವೂ ಮಾತು ಕಲಿಸುವ ಟೀಚರಮ್ಮನ ಬಳಿ ಕರೆದೊಯ್ಯಲು ಮಣಿಪಾಲದಲ್ಲೇ ಇರಬೇಕಾಗಿತ್ತು, ಅದು ನಿಜ. ಆದರೆ ಊರು ಬಿಟ್ಟದ್ದು ಅದೊಂದಕ್ಕೇ ಅಲ್ಲ.

ನಿಮ್ಮ ಮನೆಯನ್ನೇ ಆರಿಸಿದ್ದು ಅದು ಸದ್ದಿಲ್ಲದೆ ತಣ್ಣಗಿತ್ತೆಂದು. ನಗಬೇಡಿ. ಹೊಸದಾಗಿ ಕೇಳಲು ಕಲಿಯುವ ಮಗುವಿಗೆ ಸುತ್ತ ಸದ್ದಿರಬಾರದು ಎಂದು ಟೀಚರಮ್ಮ ಹೇಳಿದ್ದರು. ಸದ್ದಿಲ್ಲದ ಮನೆ ಹುಡುಕಿಕೊಂಡು ಬಂದದ್ದು ಸದ್ದು ಮಾಡುವುದಕ್ಕೇ.

ಬೆಳಿಗ್ಗೆ, ಮಧ್ಯಾಹ್ನ ಬಟ್ಟಲು ಬಡಿಯುತ್ತಿದ್ದವಳು ನಾನು, ಅವಳ ಬೆನ್ನ ಹಿಂದೆ ನಿಂತು. ಸದ್ದು ಕೇಳಿದರೆ ಒಂದು ಗೋಲಿ ಎತ್ತಿ ಡಬ್ಬಕ್ಕೆ ಹಾಕಬೇಕು, ಅದು ಅವಳ ಪಾಠ. ಅಂಕಲ್‌ನ ನಿದ್ದೆ ಕೆಡಿಸಿದ್ದು ಆ ಗೋಲಿ. ಮೊದಮೊದಲು ಡಬ್ಬ ಖಾಲಿಯೇ ಇರುತ್ತಿತ್ತು. ಆಗ ನೀವು ದೂರು ಹೇಳುತ್ತಿರಲಿಲ್ಲ, ನೆನಪುಂಟಾ? ದೂರು ಹೆಚ್ಚಾದಂತೆ ಮಗಳು ಕೇಳತೊಡಗಿದ್ದಾಳೆ ಎಂದು ನನಗೆ ಗೊತ್ತಾಗುತ್ತಿತ್ತು. ಆಮೇಲೆ ತನ್ನ ಗಂಟಲಿನಿಂದಲೂ ಸದ್ದು ಬರುತ್ತದೆ ಎಂದು ಅವಳು ಕಂಡುಕೊಂಡಳು. ಅಲ್ಲಿಂದ ನಿಲ್ಲಿಸಿದವರಿಲ್ಲ. ನೀವು ಅಂಗಳದಿಂದ ಸೊಂಟಕ್ಕೆ ಕೈಯಿಟ್ಟು, "ಬೊಬ್ಬೆ! ಬೊಬ್ಬೆ! ಇದೆಂತ ಮನೆಯಾ ಮಾರ್ಕೆಟಾ ಮಾರಾಯ್ತಿ?" ಎನ್ನುತ್ತಿದ್ದಿರಿ. ಒಮ್ಮೆ ಮೆಟ್ಟಿಲಲ್ಲಿ ಅವಳ ಕೆನ್ನೆ ಹಿಂಡಿ, "ದೊಡ್ಡ ಪೋಕ್ರಿ ಇದು" ಎಂದಿರಿ. ಆ ರಾತ್ರಿ ನನಗೆ ಸಂತೋಷಕ್ಕೆ ಊಟ ಸೇರಲಿಲ್ಲ. ನನ್ನ ಮಗಳನ್ನು ಪೋಕ್ರಿ ಎಂದವರು ನೀವೇ ಮೊದಲು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇರಲಿ. ನನಗೆ ನನ್ನ ಹೆಗ್ಗಣವನ್ನು ಯಾರಾದರೂ ಹೆಗ್ಗಣ ಎಂದು ಬೈಯಬೇಕಾಗಿತ್ತು.

ಮಹಡಿಯ ಪಕ್ಕದ ಭಾಗದಲ್ಲಿರುವ ಲೆಕ್ಚರರ್ ವಿಶಾಲ್ ಸರ್ ನಮ್ಮ ಗಲಾಟೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಸಾಕ್ಷಿಗೆಂದು ನಿಮಗೆ ಕಳಿಸುತ್ತಿದ್ದರು, ನೀವು ಅದನ್ನು ನನಗೆ ಕಳಿಸುತ್ತಿದ್ದಿರಿ. ನಾನು ಎಂತ ಮಾಡುತ್ತಿದ್ದೆ ಗೊತ್ತಾ? ನೇರ ಟೀಚರಮ್ಮನಿಗೆ ಕಳಿಸುತ್ತಿದ್ದೆ. ಅವರಿಗೆ ಖುಷಿಯೋ ಖುಷಿ. ನಾನು ಫೋನು ಹಿಡಿದರೆ ಧೃತಿ ಬಾಯಿ ಮುಚ್ಚಿ ಫೋನನ್ನೇ ನೋಡುತ್ತಾಳೆ. ಗೋಡೆಯಾಚೆಯಿಂದ ಕದ್ದು ಹಿಡಿದದ್ದರಲ್ಲಿ ಅವಳ ಸಹಜವಾದ ದನಿ ಇರುತ್ತದಂತೆ. ಮಲ್ಪೆಯಿಂದ ಮೀನಿಗೆ ಹೋಗಿದ್ದ ನನ್ನ ಗಂಡ ಜಿತೇಂದ್ರರಿಗೂ ಅದನ್ನೇ ಕಳಿಸಿದೆ. ದಡದ ಹತ್ತಿರ ಸಿಗ್ನಲ್ ಸಿಕ್ಕಿ ಅವರು ಅದನ್ನು ಹಾಕಿದಾಗ, ಬೋಟು ನಡೆಸುವ ಹೂವಪ್ಪಣ್ಣ ಎಂಜಿನ್ ನಿಲ್ಲಿಸಿ, "ಇನ್ನೊಮ್ಮೆ ಹಾಕು ಮಾರಾಯ" ಎಂದರಂತೆ. ನಿಮ್ಮ ದೂರನ್ನು ಬೋಟಿನವರೆಲ್ಲ ಸುತ್ತ ಕೂತು ಕೇಳಿದ್ದಾರೆ.

ಈಗ ಆ ದಿನದ ವಿಷಯ. ಧೃತಿ ಕಿಟಕಿಗೆ ಬೆನ್ನು ಹಾಕಿ ಗೋಲಿ ಆಡುತ್ತಿದ್ದಳು. ನಾನು ಅವಳೆದುರು ಕೂತು ಬಟ್ಟೆ ಮಡಚುತ್ತಿದ್ದೆ. ಅಂಗಳದಿಂದ ನೀವು, ಕೋಪದಲ್ಲಿ, "ಧೃತೀ!" ಎಂದು ಕೂಗಿದಿರಿ.

ಅವಳು ತಿರುಗಿದಳು, ಬಾಯಿ.

ನಿಮ್ಮ ಮುಖ ಅವಳಿಗೆ ಕಾಣುತ್ತಿರಲಿಲ್ಲ. ನಾನು ಕೈಸನ್ನೆ ಮಾಡಿರಲಿಲ್ಲ. ಬರೀ ಹೆಸರು ಕೇಳಿ, ಅದು ತನ್ನ ಹೆಸರು ಎಂದು ತಿಳಿದು, ಗೋಲಿ ಬಿಟ್ಟು ಎದ್ದು ಕಿಟಕಿಯ ಕಡೆ ನೋಡಿದಳು. ಹುಟ್ಟಿದಂದಿನಿಂದ ನಾನು ಕರೆದು ಕರೆದು ಸೋತ ಹೆಸರದು. ನಾನು ಮಡಚಿದ ಬಟ್ಟೆಯನ್ನೆಲ್ಲ ತುಳಿದುಕೊಂಡು ಮೆಟ್ಟಿಲಿಳಿದು ಬಂದೆ. ನೀವು ಬೈಯುತ್ತಿದ್ದಿರಿ. ಎಂತ ಬೈದಿರಿ ಎಂದು ಅರ್ಧ ನನ್ನ ತಲೆಗೆ ಹೋಗಲೇ ಇಲ್ಲ. ನಿಮ್ಮ ಕಾಲು ಹಿಡಿಯಬೇಕು ಎನಿಸುತ್ತಿತ್ತು, ಬಾಯಿಗೆ ನಗು ಮಾತ್ರ ಬಂತು.

ಒಂದು ಮಾತು ಹೇಳಿದ್ದರೆ ನೀವು ಬಿಡಿಸುತ್ತಿರಲಿಲ್ಲ, ನನಗೆ ಗೊತ್ತು. ಹೇಳಿಬಿಡು ಎಂದು ಜಿತೇಂದ್ರರೂ ಎಷ್ಟೋ ಹೇಳಿದರು. ಆದರೆ ಆ ಸಂಜೆಯಿಂದಲೇ ನೀವೂ ‘ಪಾಪ’ ಎನ್ನುತ್ತೀರಿ, ಪೋಕ್ರಿ ಎನ್ನುವವರು ಈ ಊರಿನಲ್ಲೂ ಇಲ್ಲವಾಗುತ್ತಾರೆ ಎಂದು ನಾನು ಬಾಯಿ ಬಿಡಲಿಲ್ಲ. ನಿಮ್ಮನ್ನು ಕಡಿಮೆ ಅಂದಾಜು ಮಾಡಿದೆನೋ ಏನೋ. ಹೊಸ ಮನೆ ಪೆರ್ಡೂರು ರಸ್ತೆಯಲ್ಲಿದೆ, ಸುತ್ತ ಗದ್ದೆ, ಸದ್ದಿಲ್ಲ. ಟೀಚರಮ್ಮನ ಬಳಿಗೆ ಬರಲು ಎರಡು ಬಸ್ಸು ಹತ್ತಬೇಕು. ನಿನ್ನೆ ಪಾತ್ರೆ ಕಟ್ಟುವಾಗ ಅದನ್ನು ನೆನೆದು ಅತ್ತದ್ದು ಹೌದು. ಆದರೂ ಹೇಳುತ್ತೇನೆ, ಬೊಬ್ಬೆ ಹೊಡೆದಳೆಂದು ನನ್ನ ಮಗಳನ್ನು ಒಂದು ಮನೆಯಿಂದ ಬಿಡಿಸಿದ್ದಾರೆ ಎಂದು ನಾನು ಕಾಪುವಿನ ಕೇರಿಯಲ್ಲೆಲ್ಲ ತಲೆಯೆತ್ತಿ ಹೇಳಿಕೊಂಡು ಬರುತ್ತೇನೆ.

ಇವತ್ತು ಅವಳು ಟೊಪ್ಪಿ ಹಾಕಿಲ್ಲ. ಇನ್ನು ಹಾಕುವುದೂ ಇಲ್ಲ. ಅಂಕಲ್ ಇನ್ನು ಚೆನ್ನಾಗಿ ನಿದ್ದೆ ಮಾಡಲಿ. ಒಮ್ಮೆ ಇಬ್ಬರೂ ನಮ್ಮಲ್ಲಿಗೆ ಬನ್ನಿ, ಅಮ್ಮ ಒಳ್ಳೆಯ ಬಂಗುಡೆ ಮೀನು ತಂದುಕೊಡುತ್ತಾಳೆ. ಅಂಗಳದಲ್ಲೇ ನಿಂತು ಅವಳ ಹೆಸರು ಕೂಗಿ. ಪಾಪ ಎಂದು ಮಾತ್ರ ಅನ್ನಬೇಡಿ.

ಇತಿ ನಿಮ್ಮ,
ಪೋಕ್ರಿಯ ಅಮ್ಮ
ಚೈತನ್ಯಾ

ಮರೆತದ್ದು: ನಿನ್ನೆ ಪಾತ್ರೆ ಕಟ್ಟುವಾಗ ದೊಡ್ಡ ಡಬ್ಬ ನನ್ನ ಕೈಯಿಂದ ಜಾರಿ ಬಿತ್ತು. ಧೃತಿ ಸೊಂಟಕ್ಕೆ ಕೈಯಿಟ್ಟು, ಹುಬ್ಬು ಗಂಟಿಕ್ಕಿ, ನನ್ನನ್ನು ನೋಡಿ, "ಬೊಬ್ಬೆ!" ಎಂದಳು. ಸ್ಪಷ್ಟವಾಗಿ. ಅವಳ ಮೊದಲ ಮಾತು ಅದು. ಅಮ್ಮ ಅಲ್ಲ, ಅಪ್ಪ ಅಲ್ಲ, ನಿಮ್ಮದು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ವಿಶಾಲ್ ಸರ್ ಅದನ್ನೂ ರೆಕಾರ್ಡ್ ಮಾಡಿದ್ದರೆ ದಯವಿಟ್ಟು ನನಗೆ ಕಳಿಸಿ.