ಈ ಸಲ ಒಂದೇ ಗುಂಡು

ಕುಟ್ಟ
೧೨ ಜನವರಿ ೨೦೨೫

ಪ್ರೀತಿಯ ವಸಂತ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಸಂಕ್ರಾಂತಿಗೆ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಕಾಫಿ ಕುಯ್ಲು ಶುರುವಾದರೆ ತಲೆ ಬಾಚಲೂ ಪುರುಸೊತ್ತಿಲ್ಲ. ಇವತ್ತು ಮಾತ್ರ ಎಲ್ಲ ಹಾಗೇ ಬಿಟ್ಟು ಕೂತಿದ್ದೇನೆ. ನಾನು ಅಜ್ಜಿಯಾದೆ ಕಣೇ! ನಮ್ಮ ಮನುವಿಗೆ ಹೆಣ್ಣುಮಗು. ಮೂಗು ಥೇಟ್ ನಮ್ಮವರದೇ. ಅಷ್ಟು ದೊಡ್ಡ ಮೂಗು ಹೊತ್ತುಕೊಂಡು ಪಾಪ ಹೇಗೆ ಬೆಳೆಯುತ್ತದೋ!

ನಮ್ಮ ಕೊಡವರ ಪದ್ಧತಿ ನಿನಗೆ ಗೊತ್ತಲ್ಲ, ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಆಚೆ ವರ್ಷ ಬೇಸಿಗೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯಲು ಆಗ ನನಗೆ ಕೈ ಬರಲಿಲ್ಲ. ನಮ್ಮವರು ಪಂಪ್ ಹಾಕಲು ಕೆರೆಗೆ ಹೋದವರು ಎದೆನೋವು ಬಂದು ಕಲ್ಲಿನ ಮೇಲೆ ಬಿದ್ದು ತೀರಿಕೊಂಡರು. ಮನು ಅಂಗಳದಲ್ಲಿ ನಿಂತು ಎರಡು ಗುಂಡು ಹೊಡೆದ. ಟಿವಿಯವರಿಗೆ ಅಷ್ಟೇ ಸಾಕಾಯಿತು. ತಲೆಯಲ್ಲಿ ಗಾಯ, ಎರಡು ಗುಂಡಿನ ಸದ್ದು, ಅಳದೆ ನಿಂತ ಮಗ! ಪಕ್ಕದ ಮನೆಯ ನಾಣಯ್ಯ ಟಿವಿಯವರ ಮುಂದೆ, "ಎರಡು ಗುಂಡು ಕೇಳ್ತು, ಸಾವಿಗೆ ನಮ್ಮಲ್ಲಿ ಹಾಗೇ ಹೊಡೆಯೋದು" ಎಂದಿದ್ದರು. ತೋರಿಸಿದ್ದು ಮೊದಲರ್ಧ ಮಾತ್ರ. ಮಗನೇ ಅಪ್ಪನನ್ನು ಕೊಂದನೆಂಬಂತೆ ಮನುವಿನ ಮುಖಕ್ಕೆ ಕೆಂಪು ಸುತ್ತು ಹಾಕಿ ವಾರಗಟ್ಟಲೆ ತೋರಿಸಿದರು. ಹೃದಯಾಘಾತ ಎಂದು ವರದಿ ಬಂದ ದಿನ ಒಂದು ನರಪಿಳ್ಳೆಯೂ ಕ್ಯಾಮೆರಾ ಹಿಡಿದು ಬರಲಿಲ್ಲ. ಪೊಲೀಸರು ಕೋವಿ ಹಿಂದಕ್ಕೆ ಕೊಟ್ಟರು, ಮನು ಅದನ್ನು ಮುಟ್ಟಲಿಲ್ಲ. ನಾಣಯ್ಯ ನಾಚಿಕೆಯಿಂದ ನಮ್ಮ ಅಂಗಳ ತುಳಿಯಲಿಲ್ಲ.

ನಿನ್ನೆ ಮಗುವನ್ನು ಆಸ್ಪತ್ರೆಯಿಂದ ಕರೆತಂದೆವು. "ಗುಂಡು ಹೊಡಿ ಮಗ" ಎಂದೆ.

"ಬೇಡ ಅವ್ವ. ಆ ಕೋವಿ ಸಹವಾಸ ಸಾಕು."

"ಹೆಣ್ಣು ಅಂತ ಬೇಡ್ವಾ?" ಎಂದು ಬೇಕೆಂದೇ ಚುಚ್ಚಿದೆ.

ಒಳಗಿನಿಂದ ಸೊಸೆ ದಿವ್ಯ, "ಅಪ್ಪನಿಗೆ ಧೈರ್ಯ ಇಲ್ಲಾಂದ್ರೆ ಬಿಡಿ, ನಾನೇ ಬಂದು ಹೊಡಿತೀನಿ!" ಎಂದಳು.

ಬಾಣಂತಿ ಕೋವಿ ಹಿಡಿದರೆ ಏನು ಗತಿ! ಮನು ನಕ್ಕುಬಿಟ್ಟ. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ. ಕೋವಿ ತೆಗೆದ. ಢಂ! ತೋಟವೆಲ್ಲ ನಡುಗಿತು, ದಿವ್ಯಳ ಮಡಿಲಲ್ಲಿ ನಮ್ಮ ರಾಣಿ ಆಕಳಿಸಿದಳು.

ಬೇಲಿಯಾಚೆಯಿಂದ ನಾಣಯ್ಯನ ಕೂಗು: "ಮುದ್ದೀ, ಒಂದೇ ಅಲ್ವಾ?"

"ಒಂದೇ ನಾಣಯ್ಯಣ್ಣ, ಬನ್ನಿ ಬನ್ನಿ!" ಎಂದೆ.

ಒಂದೇ ಕಾಲಿಗೆ ಗಂಬೂಟು ಹಾಕಿಕೊಂಡು ಓಡಿ ಬಂದ ಮುದುಕ ಮನುವಿನ ಕೈ ಹಿಡಿದು, "ನಾ ಪೂರ್ತಿ ಹೇಳಿದ್ದೆ ಮಗ, ಅವರು ಕತ್ತರಿಸಿದ್ದು" ಎಂದು ಅತ್ತರು. "ಗೊತ್ತು ದೊಡ್ಡಪ್ಪ" ಎಂದು ಮನುವೂ ಅತ್ತ. ಅಪ್ಪನಿಗಾಗಿ ಬರಬೇಕಿದ್ದ ಅಳು ಕೊನೆಗೂ ಬಂತು. ನನಗೆ ಎಷ್ಟು ಸಂತೋಷವಾಯಿತೆಂದು ಹೇಗೆ ಹೇಳಲಿ! ಆಮೇಲೆ ಊಟಕ್ಕೆ ಹಂದಿ ಮಾಂಸದ ಪಂದಿ ಕರಿ, ಅಕ್ಕಿತರಿ ಉಂಡೆ ಕಡಂಬುಟ್ಟು. ಎಷ್ಟು ಬಡಿಸಿದರೂ ನಾಣಯ್ಯ ಸಾಕೆನ್ನಲಿಲ್ಲ.

ಕಾಫಿ ಹೂ ಬಿಡುವಾಗ ಬಾ. ನಿನ್ನ ಮಕ್ಕಳು ಮೊಮ್ಮಕ್ಕಳನ್ನು ಕಾವೇರಮ್ಮ ತಣ್ಣಗಿಟ್ಟಿರಲಿ.

ನಿನ್ನ
ಮುದ್ದಿ

ಮರೆತಿದ್ದೆ: ಮಗುವಿನ ಫೋಟೋ ಇಟ್ಟಿದ್ದೇನೆ. ಅದರಲ್ಲಿ ಮಗುವನ್ನು ಹಿಡಿದ ಎರಡು ಕೈ ಮಾತ್ರ ಕಾಣುತ್ತವೆ. "ಮಗು ಪಕ್ಕ ನನ್ನ ಮುಖ ಬರೋದು ಬೇಡ" ಎಂದು ಮನು ಹಟ ಹಿಡಿದ. ಅವನ ಮುಖ ನಿನಗೆ ಮರೆತಿದ್ದರೆ ಮೊಬೈಲಿನಲ್ಲಿ ಹುಡುಕಬೇಡ ಕಣೇ, ಅಲ್ಲಿ ಇನ್ನೂ ಆ ಕೆಂಪು ಸುತ್ತಿನ ಮುಖವೇ ಸಿಗುತ್ತದೆ. ಬಂದು ನೋಡು.