ತಾರೀಖಿಲ್ಲದ ದಿನದಿಂದ ಸಾವಂತ್ರೆವ್ವನಿಗೆ

ಹುಲಗೊಪ್ಪ,
೨೧೬೩ರ ಡಿಸೆಂಬರ್ ಮುಗಿದ ಮೇಲೆ, ೨೧೬೪ರ ಜನವರಿ ಹುಟ್ಟುವ ಮೊದಲು, ಎರಡನೆಯ ಹೊರದಿನ, ಮಧ್ಯಾಹ್ನ.

ಸಾವಂತ್ರೆವ್ವನವರಿಗೆ ನಮಸ್ಕಾರ.

ಈ ತಾರೀಖನ್ನು ಓದಿ ಹುಡುಗಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಮಾತು ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ನನಗೆ ತಿಳಿಯುತ್ತಿಲ್ಲ. ನೀವು ನನ್ನ ಮುತ್ತಜ್ಜಿಯ ಅಜ್ಜಿ. ಆದರೆ ಈ ಕಾಗದ ತಲುಪುವ ಹೊತ್ತಿಗೆ ನಿಮಗೆ ಇಪ್ಪತ್ತೆರಡು, ಮದುವೆಯಾಗಿಲ್ಲ, ಅಕ್ಕನ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾಳೆ ಕಾರ್ಖಾನೆಯ ಹೊಗೆಯ ಬಗೆಗಿನ ಅಹವಾಲು ಸಭೆಗೆ ಹೊರಡಲಿದ್ದೀರಿ. ನನಗೆ ಇಪ್ಪತ್ತೇಳು. ವಯಸ್ಸಿನಲ್ಲಿ ನಾನೇ ದೊಡ್ಡವಳು, ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನನ್ನ ಹೆಸರು ಚಂದ್ರಲಾ. ರಸಾಯನಶಾಸ್ತ್ರ ಓದಿ ಪದವಿ ಪಡೆದಿದ್ದೇನೆ. ಎಂಟು ತಿಂಗಳ ಮಗಳಿದ್ದಾಳೆ, ಹೊನ್ನಿ. ಅವಳು ಉಸಿರಾಡುವುದನ್ನು ಕಾಯುತ್ತ ನಿದ್ದೆ ಎಂಬುದನ್ನೇ ಮರೆತಿದ್ದೇನೆ. ಹಾಗಾಗಿ ವಾಕ್ಯಗಳು ಎಲ್ಲಾದರೂ ತಪ್ಪಿದರೆ ನೀವೇ ಸರಿ ಮಾಡಿಕೊಳ್ಳಿ.

ಹೊರದಿನ ಎಂದರೆ ಏನೆಂದು ಮೊದಲು ಹೇಳಬೇಕು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ಫೆಬ್ರವರಿಗೂ. ಅಲ್ಯೂಮಿನಿಯಂ ಕಾರ್ಖಾನೆ ತಾನು ಬಿಟ್ಟ ಹೊಗೆಯ ತಿಂಗಳ ಸರಾಸರಿಯನ್ನು ಗಾಳಿ ಕಚೇರಿಗೆ ತಿಳಿಸಬೇಕು. ಒಂದು ತಿಂಗಳು ಉದ್ದ, ಒಂದು ಗಿಡ್ಡ ಇದ್ದರೆ ಹೋಲಿಸುವುದು ಕಷ್ಟವಂತೆ. ಹಾಗೆ ಸಮ ಮಾಡಿದಾಗ ವರ್ಷದ ಕೊನೆಗೆ ಐದು ದಿನ ಉಳಿಯುತ್ತವೆ. ನಾಲ್ಕು ವರ್ಷಕ್ಕೊಮ್ಮೆ ಆರು, ಅದು ನಮಗೆ ಸಿಗುವ ಬೋನಸ್ಸು. ಈ ದಿನಗಳು ಯಾವ ತಿಂಗಳಿಗೂ ಸೇರಿಲ್ಲ, ಆದ್ದರಿಂದ ಯಾವ ಸರಾಸರಿಗೂ ಸೇರುವುದಿಲ್ಲ. ಇಂಥ ದಿನ ಬರೆದ ಕಾಗದ ಹಿಂದಿನ ಯಾವ ದಿನಕ್ಕಾದರೂ ತಲುಪೀತು ಎಂಬುದು ನನ್ನ ಆಸೆ. ಸೋಸುಮನೆ ಅಂತ ಒಂದಿದೆ. ಲೋಹ ಕರಗುವ ಕೊಪ್ಪರಿಗೆಗಳಿಂದ ಏಳುವ ಹೊಗೆ ಅಲ್ಲಿನ ದೊಡ್ಡ ಚೀಲಗಳ ಮೂಲಕ ಹಾಯ್ದು, ಫ್ಲೋರೈಡನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು. ಆ ಚೀಲಗಳನ್ನು ತೆಗೆದು ಹೊಸದು ಕಟ್ಟುವ ಕೆಲಸವನ್ನೆಲ್ಲ ವರ್ಷವಿಡೀ ಕೂಡಿಟ್ಟು ಹೊರದಿನಗಳಲ್ಲೇ ಮಾಡುತ್ತಾರೆ. ಕೊಪ್ಪರಿಗೆ ಆರಿಸುವುದಿಲ್ಲ. ಆರಿಸಿದರೆ ಲೋಹ ಒಳಗೇ ಗಟ್ಟಿಯಾಗುತ್ತದೆ, ನಷ್ಟ. ಐದು ದಿನ ಹೊಗೆ ಸೋಸದೆ ನೇರವಾಗಿ ಬರುತ್ತದೆ. ಅಳತೆಯ ಯಂತ್ರಕ್ಕೆ ಟೊಪ್ಪಿಗೆ ಹಾಕಿರುತ್ತಾರೆ. ನಿನ್ನೆ ಬೆಳಿಗ್ಗೆ ಹಾಕಿದರು. ಟೊಪ್ಪಿಗೆ ಹಳದಿ ಬಣ್ಣದ್ದು, ಚೆನ್ನಾಗಿದೆ.

ಮನೆಯೊಳಗಿನ ವಿಷಯ ಹೇಳುತ್ತೇನೆ, ನಿಮಗೆ ಅದೇ ಹೆಚ್ಚು ಅರ್ಥವಾದೀತು. ಡಿಸೆಂಬರ್ ಕೊನೆಯ ವಾರ ಊರಿನವರೆಲ್ಲ ಸುಣ್ಣ ನೆನೆಸುತ್ತೇವೆ. ಹಳೆಯ ಸೀರೆಗಳನ್ನು ಸುಣ್ಣದ ನೀರಿನಲ್ಲಿ ಅದ್ದಿ ಕಿಟಕಿ ಬಾಗಿಲುಗಳಿಗೆ ಇಳಿಬಿಡುತ್ತೇವೆ, ಒಣಗಿದ ಹಾಗೆಲ್ಲ ಮತ್ತೆ ಅದ್ದುತ್ತೇವೆ. ಸುಣ್ಣ ಸ್ವಲ್ಪ ಫ್ಲೋರೈಡನ್ನು ಹಿಡಿಯುತ್ತದೆ. ಉಳಿದದ್ದನ್ನು ನಾವು ಹಿಡಿಯುತ್ತೇವೆ. ಕಿಟಕಿಯ ಗಾಜು ಹಾಲಿನ ಕೆನೆ ಕಟ್ಟಿದಂತೆ ಮಬ್ಬಾಗಿರುತ್ತದೆ. ಚಿಕ್ಕವಳಿದ್ದಾಗ ಅದನ್ನು ಧೂಳೆಂದು ನಾನು ದಿನಾ ಒರೆಸುತ್ತಿದ್ದೆ. ಆಮೇಲೆ ತಿಳಿಯಿತು, ಗಾಜನ್ನೇ ಗಾಳಿ ತಿಂದಿದೆ ಎಂದು. ಎಮ್ಮೆ ಕಟ್ಟುವುದನ್ನು ಬಿಟ್ಟು ಬಹಳ ಕಾಲವಾಯಿತು, ಕಾಲು ಗಂಟು ಕಟ್ಟಿ ಕುಂಟುತ್ತವೆ. ನಮ್ಮ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಹೆಣ್ಣು ನೋಡಲು ಬಂದವರ ಮುಂದೆ ನಾವು ನಕ್ಕರೆ ಸಾಕು, ಯಾವ ಊರಿನವರೆಂದು ಗೊತ್ತಾಗುತ್ತದೆ. ನನ್ನನ್ನು ಹುಲಗೊಪ್ಪದ ಒಂದು ಓಣಿಯಿಂದ ಇನ್ನೊಂದು ಓಣಿಗೆ ಕೊಟ್ಟಿದ್ದು ಅದಕ್ಕೇ.

ನಿನ್ನೆ ಸಂಜೆಯಿಂದ ಹೊನ್ನಿಯ ಎದೆಯಲ್ಲಿ ಸೀಟಿ ಊದಿದಂತೆ ಸದ್ದು. ಉಸಿರು ಎಳೆದಾಗ ಪಕ್ಕೆಯ ನಡುವೆ ಗುಳಿ ಬೀಳುತ್ತದೆ. ಅತ್ತೆಗೆ ತೋರಿಸಿದೆ. "ನಾವೂ ಹಡದು ಬೆಳಸಿಲ್ಲೇನು? ನಿನ್ನ ಗಂಡ ಇದ ಹೊಗಿಯೊಳಗ ಬೆಳದಾನ, ಎತ್ತಿನಂಗ ಅದಾನ ನೋಡು" ಅಂದರು. ಅಷ್ಟು ಹೊತ್ತಿಗೆ ಒಳಗಿನಿಂದ ಎತ್ತು ಕೆಮ್ಮಿತು. ಅತ್ತೆ ಮುಖ ತಿರುಗಿಸಿಕೊಂಡು ಸೀರೆ ಅದ್ದಲು ಹೋದರು. ನನ್ನ ಗಂಡ ಬಸಲಿಂಗ ಸೋಸುಮನೆಯಲ್ಲೇ ಕೆಲಸ ಮಾಡುತ್ತಾನೆ. ಹೊರದಿನಗಳಲ್ಲಿ ಅವನಿಗೆ ರಜೆಯಿಲ್ಲ.

ಇವತ್ತು ಬೆಳಿಗ್ಗೆ ಮಗುವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಊರ ದವಾಖಾನೆಗೆ ಓಡಿದೆ. ಬಾಗಿಲು ಹಾಕಿತ್ತು. ಒಳಗೆ ಕಾಂಪೌಂಡರ್ ಕರಿಗೌಡಪ್ಪ ಒಬ್ಬನೇ ಕೂತಿದ್ದ. ಡಾಕ್ಟರು ಇಲ್ಲ, ಜನವರಿ ಒಂದಕ್ಕೆ ಬರ್ರಿ ಅಂದ. ಮಗುವಿಗೆ ಉಸಿರು ಸಿಗುತ್ತಿಲ್ಲ ಅಂದೆ. "ದಿನಾನ ಇಲ್ಲ, ಕೆಮ್ಮು ಎಲ್ಲಿಂದ ಬಂತಬೇ ಯವ್ವಾ?" ಅಂತ ನಕ್ಕ. ಕೆಟ್ಟವನಲ್ಲ. ನಕ್ಕ ಮೇಲೆ ಅವನ ಕಣ್ಣಲ್ಲಿ ನೀರಿತ್ತು, ಅದು ಹೊಗೆಗೋ ಏನೋ. ತನ್ನ ಹೆಂಡತಿಯ ಹಬೆ ಯಂತ್ರವನ್ನು ಕಪಾಟಿನಿಂದ ತೆಗೆದುಕೊಟ್ಟು, "ಯಾರಿಗೂ ಹೇಳಬ್ಯಾಡ, ಊರಾಗ ಯಾರೂ ಇಲ್ಲಂತ ಬರದೀವಿ" ಅಂದ. ಅದರ ಹಬೆಯಿಂದಲೇ ಈಗ ಒಂದು ಗಳಿಗೆ ಮಲಗಿದ್ದಾಳೆ.

ಊರಲ್ಲಿ ಯಾರೂ ಇಲ್ಲ ಎಂದು ಬರೆಯುವುದು ಶುರುವಾದದ್ದು ನಿಮ್ಮಿಂದ, ಸಾವಂತ್ರೆವ್ವನವರೇ. ನಾಳಿನ ಅಹವಾಲು ಸಭೆಯಲ್ಲಿ ನೀವು ಎದ್ದು ನಿಂತು ಆಡುವ ಮಾತನ್ನು ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಾರೆ. "ವರ್ಷಪೂರ್ತಿ ಚೂರುಚೂರು ಹೊಗಿ ಕುಡಸಬ್ಯಾಡ್ರಿ. ಚೀಲ ಬದಲಸೂದು ಒಮ್ಮೆಗೇ ಬದಲಸ್ರಿ, ನಮಗ ಮೊದಲ ಹೇಳ್ರಿ. ಬಸ್ ಕೊಡ್ರಿ, ಮಕ್ಕಳನ್ನ ಕರ್ಕೊಂಡು ಗುಡ್ಡಕ್ಕ ಹೋಗಿ ಇರ್ತೀವಿ." ಜನ ಚಪ್ಪಾಳೆ ತಟ್ಟಿದರು. ತಟ್ಟುವಂಥ ಮಾತೇ. ನಾನು ಅಲ್ಲಿದ್ದರೂ ತಟ್ಟುತ್ತಿದ್ದೆ. ನಾನು ಕೂತು ಬರೆಯುತ್ತಿರುವ ಓಣಿಗೆ ನಿಮ್ಮದೇ ಹೆಸರು.

ಗಾಳಿ ಕಚೇರಿಯವರು ಒಪ್ಪಿದರು. ಊರು ಖಾಲಿಯಿರುವ ದಿನಗಳ ಹೊಗೆಯನ್ನು ಊರಿನ ಲೆಕ್ಕಕ್ಕೆ ಯಾಕೆ ಹಿಡಿಯಬೇಕು ಈ ಒಂದು ವರ್ಷಕ್ಕೆ ಬಿಡಿ, ಎಂದು ಕಾರ್ಖಾನೆ ಅರ್ಜಿ ಹಾಕಿತು. ಅದಕ್ಕೂ ಒಪ್ಪಿದರು, ಆ ದಿನಗಳೇ ಮುಂದೆ ಹೊರದಿನಗಳಾದವು. ಹತ್ತಾರು ವರ್ಷ ಬಸ್ಸುಗಳು ಬಂದವು. ಗುಡ್ಡದ ಮೇಲೆ ಡೇರೆ, ಊಟ, ಹಾಡು, ಅದೊಂದು ಹಬ್ಬವೇ ಆಗಿತ್ತಂತೆ. ಆಮೇಲೆ ಒಂದು ವರ್ಷ ಡೀಸೆಲ್ ಇಲ್ಲವೆಂದು ಬಸ್ಸು ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಹೊಗೆಗೆ ನಿಯಮವಿತ್ತು, ಬಸ್ಸಿಗೆ ಇರಲಿಲ್ಲ. ಬಸ್ಸು ಕೊಡುತ್ತೇವೆ ಅಂದದ್ದು ಬರೀ ಬಾಯಿಮಾತು, ನೀವೂ ನಂಬಿದಿರಿ. ಗುಡ್ಡದ ಮೇಲೆ ಈಗ ಕಾರ್ಖಾನೆಯ ಅತಿಥಿಗೃಹವಿದೆ. ಕೆಳಗೆ ನಾವಿದ್ದೇವೆ. ಕಾಗದದ ಮೇಲೆ ಊರು ಇಂದಿಗೂ ಖಾಲಿ.

ನಿಮಗೆ ಸಿಟ್ಟು ಬರಬಹುದು, ಆದರೂ ಇದನ್ನು ತಿಳಿದಿರಿ: ನಮ್ಮ ಕಾರ್ಖಾನೆ ಇಷ್ಟು ವರ್ಷಗಳಲ್ಲಿ ಒಂದು ಸಲವೂ ನಿಯಮ ಮುರಿದಿಲ್ಲ. ವರದಿ ತಡವಾಗಿಲ್ಲ. ಸರಾಸರಿ ಮಿತಿ ದಾಟಿಲ್ಲ. ಶುದ್ಧಗಾಳಿಯ ಪ್ರಶಸ್ತಿಗಳನ್ನು ಇಡಲು ಹೆಬ್ಬಾಗಿಲ ಪಕ್ಕ ಗಾಜಿನ ಕಪಾಟು ಮಾಡಿಸಿದ್ದಾರೆ. ಆ ಗಾಜೂ ಮಬ್ಬಾಗಿದೆ, ಒಳಗೆ ಏನಿದೆಯೆಂದು ಕಾಣುವುದಿಲ್ಲ. ಸುಳ್ಳು ಹೇಳುವವರಾಗಿದ್ದರೆ ಹಿಡಿಯಬಹುದಿತ್ತು. ಇವರು ನಿಜವನ್ನೇ ಹೇಳುತ್ತಾರೆ, ಮುನ್ನೂರ ಅರವತ್ತು ದಿನ.

ಹೀಗಾಗಿ ನನ್ನ ಬೇಡಿಕೆ ಇಷ್ಟೇ. ನಾಳೆ ಆ ಮಾತು ಆಡಬೇಡಿ. ಬಸ್ಸು ಕೇಳಬೇಡಿ. ದಿನದಿನವೂ ಅಳೆಯಿರಿ, ಅಳೆದದ್ದನ್ನು ಅವತ್ತೇ ಊರಿಗೆ ಹೇಳಿ, ಚೀಲ ತೆಗೆದ ಹೊತ್ತಿಗೆ ಕೊಪ್ಪರಿಗೆ ಆರಿಸಿ ಎಂದು ಅವರನ್ನು ಕೇಳಿ, ಅಷ್ಟೇ. ಚಪ್ಪಾಳೆ ಬೀಳುವುದಿಲ್ಲ. ಓಣಿಗೆ ನಿಮ್ಮ ಹೆಸರು ಇಡುವುದಿಲ್ಲ.

ಇಷ್ಟು ಬರೆದು ಮುಗಿಸಬೇಕೆಂದಿದ್ದೆ, ಪೆನ್ನು ಮುಂದೆ ಹೋಗಲಿಲ್ಲ. ನೀವು ಮದುವೆಯಾದದ್ದು ಮೈಲಾರಪ್ಪನವರನ್ನು. ಅವರು ದೂರದ ಊರಿನವರು, ಮೊದಲ ವರ್ಷ ಗುಡ್ಡಕ್ಕೆ ಬಸ್ಸು ಓಡಿಸಲು ಬಂದವರು. ಬಸ್ಸಿಲ್ಲದಿದ್ದರೆ ಅವರಿಲ್ಲ. ಅವರಿಲ್ಲದಿದ್ದರೆ ನಾನಿಲ್ಲ, ನನ್ನ ಪಕ್ಕದಲ್ಲಿ ಬಾಯಿ ತೆರೆದು ಮಲಗಿರುವ ಈ ಕೂಸೂ ಇಲ್ಲ. ಬೇರೆ ಯಾರದೋ ಮಕ್ಕಳು ಈ ಓಣಿಯಲ್ಲಿ ಚೆನ್ನಾಗಿ ಉಸಿರಾಡುತ್ತಿರುತ್ತಾರೆ. ತಾಯಿಯಾದವಳು ಇದನ್ನು ಹೇಗೆ ಬರೆದು ಕಳಿಸುವುದು? ಆಗ ಉಪಾಯ ಹೊಳೆಯಿತು. ಒಂದೇ ವರ್ಷಕ್ಕೆ ಬಸ್ಸು ಕೇಳಿ, ಮದುವೆ ಗಟ್ಟಿಯಾಗಲಿ, ಮರುವರ್ಷ ಎದ್ದು ಮಾತು ಹಿಂದಕ್ಕೆ ತಗೊಳ್ಳಿ, ಎಂದು ಬರೆದೆ. ಬರೆದದ್ದನ್ನು ಓದಿಕೊಂಡೆ. ಒಂದೇ ಸಲ, ಒಂದೇ ವರ್ಷ, ನಮ್ಮ ಅನಿವಾರ್ಯ ಕಾರಣದಿಂದ. ಕಾರ್ಖಾನೆಯ ಅರ್ಜಿಗೂ ನನ್ನ ಅರ್ಜಿಗೂ ಏನು ವ್ಯತ್ಯಾಸ? ಒಂದೇ ಸಲಕ್ಕೆಂದು ಬಿಟ್ಟದ್ದು ಯಾವುದೂ ಇಲ್ಲಿ ಒಂದೇ ಸಲಕ್ಕೆ ನಿಂತಿಲ್ಲ. ಆ ಸಾಲುಗಳನ್ನು ಹೊಡೆದುಹಾಕಿದ್ದೇನೆ.

ಬಸ್ಸು ಕೇಳಬೇಡಿ, ಸಾವಂತ್ರೆವ್ವನವರೇ. ಒಂದು ವರ್ಷಕ್ಕೂ ಬೇಡ.

ಆದರೆ ಎಂದಾದರೂ ಯಾವುದಾದರೂ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಮೈಲಾರಪ್ಪ ಎಂಬ ಡ್ರೈವರ್ ಕಂಡರೆ, ಬಸ್ಸು ಎಷ್ಟು ಗಂಟೆಗೆ ಎಂದು ಒಮ್ಮೆ ಕೇಳಿನೋಡಿ. ಅದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.

ನಿಮ್ಮ,
ಹುಟ್ಟಿದರೆ ಹುಟ್ಟಿಯೇನು,
ಚಂದ್ರಲಾ